ಬಿಯರಿನ ಹೆಪ್ಪು: ಎಣಿಸಿದವರು, ಹಂಚಿದವರು

1845ರಲ್ಲಿ ಕೋಪನ್‌ಹೇಗನ್ನಿನ ಬಿಯರ್ ತಯಾರಕನೊಬ್ಬ ಮ್ಯೂನಿಕ್ಕಿನಿಂದ ಎರಡು ಡಬ್ಬಿ ಯೀಸ್ಟ್ ತೆಗೆದುಕೊಂಡು ಊರಿಗೆ ಹೊರಟ. ಅವನ ಹೆಸರು ಯಾಕೊಬ್ ಕ್ರಿಸ್ಟಿಯನ್ ಯಾಕೊಬ್ಸೆನ್. ಯೀಸ್ಟ್ ಕೊಟ್ಟವನು ಮ್ಯೂನಿಕ್ಕಿನ ಸ್ಪಾಟೆನ್ ಬಿಯರ್ ಕಾರ್ಖಾನೆಯ ಗಾಬ್ರಿಯೆಲ್ ಸೆಡ್ಲ್‌ಮಾಯರ್. ದಾರಿ ನೂರಾರು ಮೈಲಿ, ಪ್ರಯಾಣ ಕುದುರೆ ಗಾಡಿಯದು. ಡಬ್ಬಿಗಳನ್ನು ಅವನು ತನ್ನ ಎತ್ತರದ ಟೋಪಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದನಂತೆ. ಗಾಡಿ ನಿಂತ ನಿಂತಲ್ಲಿ ಕೆಳಗಿಳಿದು ಅವುಗಳ ಮೇಲೆ ತಣ್ಣೀರು ಸುರಿಯುತ್ತಿದ್ದನಂತೆ. ಕಾರ್ಲ್ಸ್‌ಬರ್ಗ್ ಕಂಪನಿ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆಗಳಲ್ಲಿ ಇದೇ ಮೊದಲನೆಯದು. ಎರಡು ವರ್ಷಗಳ ನಂತರ, 1847ರಲ್ಲಿ, ಯಾಕೊಬ್ಸೆನ್ ಊರಾಚೆಯ ಗುಡ್ಡವೊಂದರ ಮೇಲೆ ಹೊಸ ಕಾರ್ಖಾನೆ ಕಟ್ಟಿ, ಅದಕ್ಕೆ ಮಗ ಕಾರ್ಲ್‌ನ ಹೆಸರನ್ನೂ ಗುಡ್ಡ ಎಂಬರ್ಥದ 'ಬರ್ಗ್' ಪದವನ್ನೂ ಸೇರಿಸಿ ಹೆಸರಿಟ್ಟ.

ಆ ಡಬ್ಬಿಗಳಲ್ಲಿ ಏನಿತ್ತೆಂದು ಯಾಕೊಬ್ಸೆನ್‌ಗೆ ಪೂರ್ತಿ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ದಾರಿಯೂ ಆಗ ಇರಲಿಲ್ಲ. ಅದು ಜೀವಂತವಾಗಿದೆಯೇ? ಒಂದು ತೊಟ್ಟಿ ರಸವನ್ನು ಹುದುಗಿಸಲು ಸಾಕಾಗುವಷ್ಟಿದೆಯೇ? ಬೇಕಾದದ್ದರ ಜೊತೆ ಬೇಡದ್ದೂ ಸೇರಿಕೊಂಡಿದೆಯೇ? ಇವತ್ತು ಲಂಡನ್ನಿನಲ್ಲೋ ಪೋರ್ಟ್‌ಲ್ಯಾಂಡಿನಲ್ಲೋ ಅಡುಗೆಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿ, ತನ್ನ ಗಾಜಿನ ಬುರುಡೆಯನ್ನು ಬೆಳಕಿಗೆ ಹಿಡಿದು ಕೇಳಿಕೊಳ್ಳುವ ಪ್ರಶ್ನೆಗಳೂ ಈ ಮೂರೇ. ಯಾಕೊಬ್ಸೆನ್‌ನ ಕಾಲಕ್ಕೂ ಈ ಹವ್ಯಾಸಿಯ ಕಾಲಕ್ಕೂ ನಡುವೆ ಮೂರಕ್ಕೂ ಉತ್ತರಗಳು ಬಂದಿವೆ. ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನನ್ನು ಕಾಡುವುದು ಬೇರೆ ಸಂಗತಿ. ಒಂದೊಂದು ಉತ್ತರ ಬಂದಾಗಲೂ ಯಾರ ಮಾತಿಗೆ ಬೆಲೆ ಬಂತು, ಯಾರ ತಿಳಿವಳಿಕೆ ಲೆಕ್ಕಕ್ಕೆ ಸಿಗದೆ ಹೋಯಿತು?

ಮೊದಲು ಹೆಪ್ಪು ಎಂದರೇನು ನೋಡೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ ಮಾಲ್ಟ್ ಎನ್ನುತ್ತಾರೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದರೆ ಸಿಹಿ ರಸ ಬರುತ್ತದೆ. ಹಾಪ್ಸ್ ಎಂಬ ಕಹಿ ಹೂಗಳ ಜೊತೆ ಅದನ್ನು ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದರೆ ದೊಡ್ಡ ಪಾತ್ರೆಗೆ ಚಿಟಿಕೆ ಯೀಸ್ಟ್ ಹಾಕಿ ಕೈ ಕಟ್ಟಿ ಕೂರುವಂತಿಲ್ಲ. ಅದು ಬೆಳೆದು ರಸವನ್ನು ಆಕ್ರಮಿಸುವ ಮೊದಲು ಗಾಳಿಯಲ್ಲಿರುವ ಬೇರೆ ಸೂಕ್ಷ್ಮಜೀವಿಗಳು ಅಲ್ಲಿ ಬೀಡು ಬಿಡುತ್ತವೆ. ಹಾಗಾಗಿ ಒಂದೆರಡು ದಿನ ಮೊದಲು ಸ್ವಲ್ಪ ರಸದಲ್ಲಿ ಯೀಸ್ಟನ್ನು ಬೆಳೆಸಿಕೊಳ್ಳುತ್ತಾರೆ. ಇದಕ್ಕೆ ಸ್ಟಾರ್ಟರ್ ಎಂದು ಹೆಸರು. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳಬೇಕೆಂದರೆ ಹೆಪ್ಪು.

ಮಾಡುವ ಕ್ರಮ ಸರಳ. ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಮಾಲ್ಟ್ ಸಾರದ ಪುಡಿ ಹಾಕಿ ಹತ್ತು ಹದಿನೈದು ನಿಮಿಷ ಕುದಿಸುತ್ತಾರೆ. ಕೋಣೆಯ ಉಷ್ಣತೆಗೆ ಆರಿಸಿ, ಶುಚಿಯಾದ ಗಾಜಿನ ಬುರುಡೆಗೆ ಸುರಿದು ಯೀಸ್ಟ್ ಬೆರೆಸುತ್ತಾರೆ. ಗಾಳಿಯಾಡುವಂತೆ, ಆದರೆ ಧೂಳು ಬೀಳದಂತೆ, ಬಾಯಿಗೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚುತ್ತಾರೆ. ಆಗಾಗ ಅಲ್ಲಾಡಿಸುತ್ತಾರೆ, ಇಲ್ಲವೇ ಅಯಸ್ಕಾಂತದಿಂದ ತಿರುಗುವ ಕಡ್ಡಿಯೊಂದನ್ನು ಒಳಗೆ ಬಿಡುತ್ತಾರೆ. ಒಂದೆರಡು ದಿನಗಳಲ್ಲಿ ತಿಳಿ ರಸ ಮಬ್ಬಾಗಿ, ಆಮೇಲೆ ತಳದಲ್ಲಿ ಕೆನೆಬಣ್ಣದ ಗಸಿ ಕೂರುತ್ತದೆ. ಶೀತಕದಲ್ಲಿಟ್ಟು ಮೇಲಿನ ನೀರನ್ನು ಬಗ್ಗಿಸಿ ಗಸಿಯನ್ನು ದೊಡ್ಡ ಪಾತ್ರೆಗೆ ಹಾಕುತ್ತಾರೆ. ಹಾಕುವ ಮೊದಲು ಮಾತ್ರ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಇದನ್ನು ನಂಬಬಹುದೇ? ಕೈತಪ್ಪಿದರೆ ಇಪ್ಪತ್ತು ಲೀಟರ್ ರಸವೂ ವಾರಗಟ್ಟಲೆಯ ಶ್ರಮವೂ ಚರಂಡಿಗೆ.

ಈ ನಂಬಿಕೆಯ ಪ್ರಶ್ನೆ ಸೂಕ್ಷ್ಮದರ್ಶಕಕ್ಕಿಂತ ಹಳೆಯದು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ 15ನೇ ಶತಮಾನದ ದಾಖಲೆಯೊಂದು ನನಗೆ ಬಹಳ ಇಷ್ಟ. ಬಿಯರಿನ ನೊರೆಯಿಂದ ತೆಗೆದ ಯೀಸ್ಟಿಗೆ ಅಲ್ಲಿಯ ಜನ 'ದೇವರ ಒಳಿತು' ಎನ್ನುತ್ತಿದ್ದರು. ದೈವಕೃಪೆಯಿಂದ ಬರುವ ವಸ್ತುವಾದ್ದರಿಂದ ಕೇಳಿದವರಿಗೆ ಇಲ್ಲವೆನ್ನದೆ ಕೊಡುವುದು ನೆನಪಿಗೆ ಮೀರಿದ ಕಾಲದಿಂದ ಬಂದ ರೂಢಿ. ಬದಲಿಗೆ ಒಂದಿಷ್ಟು ರೊಟ್ಟಿ, ಗೋಧಿ, ಮಾಲ್ಟ್ ಅಥವಾ ಮೊಟ್ಟೆ ಪಡೆಯಬಹುದು. ಎಷ್ಟಾದರೂ ಅದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿಯ ಬೆಲೆ, ದಾಟುವಂತಿಲ್ಲ. ಈಗ ಕೆಲವು ವೃತ್ತಿನಿರತ ತಯಾರಕರು ತಮ್ಮ ಲಾಭಕ್ಕಾಗಿ ಇದಕ್ಕೆ ಹಣ ಕೀಳಲು ಶುರು ಮಾಡಿದ್ದಾರೆ ಎಂಬುದು ದಾಖಲೆಯ ದೂರು.

ಯೀಸ್ಟ್ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದು ಯಾರ ಸೊತ್ತು ಎಂಬ ಜಗಳ ಆಗಲೇ ಶುರುವಾಗಿತ್ತು. ಹಂಚಿಕೊಳ್ಳುವ ಆ ರೂಢಿಯ ಹಿಂದೆ ಭಕ್ತಿಯಷ್ಟೇ ಅಲ್ಲ, ವ್ಯವಹಾರ ಜ್ಞಾನವೂ ಇತ್ತು. ನಿಮ್ಮ ಹೆಪ್ಪು ಇವತ್ತು ಚೆನ್ನಾಗಿರಬಹುದು, ನಾಳೆ ಹುಳಿಯಬಹುದು. ಆಗ ನಿಮಗೆ ಬೇಕಾಗುವುದು ಪಕ್ಕದ ಮನೆಯ ಹೆಪ್ಪು. ಪಕ್ಕದ ಮನೆಯಲ್ಲಿ ಅದು ಇರಬೇಕೆಂದರೆ ನೀವು ಹಿಂದೊಮ್ಮೆ ಕೊಟ್ಟಿರಬೇಕು. ಮೊಸರಿನ ಹೆಪ್ಪಿಗೆ ಲೋಟ ಹಿಡಿದು ನೆರೆಮನೆಯ ಬಾಗಿಲಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯೀಸ್ಟನ್ನು ಮೊದಲು ಕಣ್ಣಾರೆ ಕಂಡು ಬರೆದಿಟ್ಟವನು ಹಾಲೆಂಡಿನ ಆಂಟನಿ ವಾನ್ ಲೇವನ್‌ಹುಕ್. 1680ರಲ್ಲಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಬಿಯರಿನ ಹನಿಯನ್ನು ನೋಡಿ, ಅದರಲ್ಲಿರುವ ಪುಟ್ಟ ಗೋಲಿಗಳನ್ನು ವರ್ಣಿಸಿದ. ಅವು ಜೀವಿಗಳೆಂದು ಅವನಿಗೆ ಅನಿಸಲಿಲ್ಲ. ಅಲ್ಲಿಂದ ಒಂದೂವರೆ ಶತಮಾನ ದಾಟಿದ ಮೇಲೆ, 1830ರ ದಶಕದ ಕೊನೆಯಲ್ಲಿ, ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಥಿಯೊಡೋರ್ ಶ್ವಾನ್ ಮತ್ತು ಫ್ರೀಡ್ರಿಕ್ ಕ್ಯೂಟ್ಸಿಂಗ್ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ಈ ಗೋಲಿಗಳು ಮೊಗ್ಗು ಬಿಟ್ಟು ಬೆಳೆಯುತ್ತವೆ, ಆದ್ದರಿಂದ ಅವು ಜೀವಂತ.

ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರಿಗೆ ಇದು ನಗೆಪಾಟಲಿನ ಮಾತಾಗಿ ಕಂಡಿತು. ಯುಸ್ಟುಸ್ ಲೀಬಿಗ್ ಮತ್ತು ಫ್ರೀಡ್ರಿಕ್ ವ್ಯೋಲರ್ 1839ರಲ್ಲಿ ತಮ್ಮದೇ ಪತ್ರಿಕೆಯಲ್ಲಿ ಹೆಸರಿಲ್ಲದ ವಿಡಂಬನೆಯೊಂದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಯೀಸ್ಟ್ ಎಂದರೆ ಭಟ್ಟಿಯ ಪಾತ್ರೆಯ ಆಕಾರದ ಪುಟ್ಟ ಪ್ರಾಣಿ. ಅದು ಸಕ್ಕರೆ ನುಂಗಿ, ಹಿಂಬದಿಯಿಂದ ಆಲ್ಕೊಹಾಲನ್ನೂ ಮೂತ್ರದ್ವಾರದಿಂದ ಅನಿಲವನ್ನೂ ಬಿಡುತ್ತದೆ. ತುಂಬಿದ ಅದರ ಮೂತ್ರಕೋಶ ಷಾಂಪೇನ್ ಬಾಟಲಿಯಂತೆ ಕಾಣುತ್ತದೆ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಚೆನ್ನಾಗಿ ಬರೆದ ತಪ್ಪು ವಾದ ಅಪರೂಪ. ತಮಾಷೆಯ ಕಸುವು ಎಷ್ಟಿತ್ತೆಂದರೆ, ಯೀಸ್ಟ್ ಜೀವಿಯೆಂಬ ವಿಚಾರ ಗಂಭೀರ ಚರ್ಚೆಗೆ ಮರಳಲು ಲೂಯಿ ಪಾಶ್ಚರ್ ಬರಬೇಕಾಯಿತು.

ಪಾಶ್ಚರ್ ಬಿಯರಿನ ಕಡೆ ತಿರುಗಿದ್ದಕ್ಕೆ ರಾಜಕೀಯ ಕಾರಣವಿತ್ತು. 1870–71ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಾದ ಎದುರು ಸೋತಿತ್ತು. ಜರ್ಮನ್ನರಿಗಿಂತ ಒಳ್ಳೆಯ ಬಿಯರ್ ಮಾಡಿ ಸೇಡು ತೀರಿಸಿಕೊಳ್ಳಬೇಕೆಂದು ಅವನು ಹಟ ಹಿಡಿದ. 1871ರಲ್ಲಿ ಲಂಡನ್ನಿನ ದೊಡ್ಡ ವಿಟ್‌ಬ್ರೆಡ್ ಕಾರ್ಖಾನೆಗೆ ಹೋದಾಗ, ಅಲ್ಲಿಯ ಪೋರ್ಟರ್ ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಇದು ಅಷ್ಟು ಚೆನ್ನಾಗಿಲ್ಲವಲ್ಲ ಎಂದ. ಬಿಯರ್ ಕುಡಿದು ನೋಡದೆಯೇ ದೋಷ ಹೇಳಿದ ಈ ಪರದೇಶಿಯನ್ನು ಕಂಡು ಅಲ್ಲಿಯವರು ಬೆರಗಾದರು. ಒಂದು ವಾರದ ನಂತರ ಪಾಶ್ಚರ್ ಮತ್ತೆ ಹೋದಾಗ ಕಾರ್ಖಾನೆಯವರು ಆಗಲೇ ಒಂದು ಸೂಕ್ಷ್ಮದರ್ಶಕ ಕೊಂಡಿದ್ದರು.

ಈ ಪ್ರಸಂಗವನ್ನು ಪಾಶ್ಚರ್ ತನ್ನ 1876ರ ಬಿಯರ್ ಕುರಿತ ಗ್ರಂಥದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಇಲ್ಲಿ ನನ್ನ ಕಣ್ಣು ಹೋಗುವುದು ಸೂಕ್ಷ್ಮದರ್ಶಕದತ್ತ ಅಲ್ಲ, ಅದರ ಸುತ್ತ ನಿಂತಿದ್ದ ಕೆಲಸಗಾರರತ್ತ. ಆ ಯೀಸ್ಟನ್ನು ವರ್ಷಗಟ್ಟಲೆ ಮೂಗಿನಿಂದ, ಬೆರಳಿನಿಂದ, ನೊರೆಯ ಬಣ್ಣದಿಂದ ಗುರುತಿಸುತ್ತಿದ್ದವರು ಅವರು. ಅವರು ಏನು ಹೇಳಿದರೆಂದು ಪುಸ್ತಕದಲ್ಲಿ ಹೆಚ್ಚೇನೂ ಇಲ್ಲ. ಆ ಮಧ್ಯಾಹ್ನದಿಂದ ಹೆಪ್ಪಿನ ಬಗ್ಗೆ ತೀರ್ಪು ಹೇಳುವ ಅಧಿಕಾರ ನಿಧಾನವಾಗಿ ಕೈ ಬದಲಾಯಿಸಿತು.

ಜೀವಂತವೇ ಎಂಬ ಪ್ರಶ್ನೆಗೆ ಇವತ್ತಿನ ಪ್ರಯೋಗಾಲಯದ ಉತ್ತರವನ್ನು ನಾನು ನೋಡಿದ್ದು ನಮ್ಮ ವಿಶ್ವವಿದ್ಯಾಲಯದಲ್ಲೇ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ, 1965ರ ಅಬಕಾರಿ ಕಾಯ್ದೆ ಅದಕ್ಕೆ ಅಡ್ಡ ಇದೆ. ಆದರೆ ಬ್ರೆಡ್ಡಿನ ಯೀಸ್ಟಿಗೆ ಯಾವ ಕಾಯ್ದೆಯೂ ಇಲ್ಲ, ಅದೂ ಅದೇ ಜಾತಿಯ ಜೀವಿ. ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಗೆಳತಿಯೊಬ್ಬಳು ಅದನ್ನು ನೀರಿನಲ್ಲಿ ಕದಡಿ, ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಹನಿ ಸೇರಿಸಿ, ಗೆರೆ ಕೊರೆದ ಗಾಜಿನ ಪಟ್ಟಿಯ ಮೇಲೆ ಹಾಕಿದಳು. ರಕ್ತಕಣ ಎಣಿಸಲು ಹುಟ್ಟಿದ ಈ ಪಟ್ಟಿಗೆ ಹೀಮೋಸೈಟೋಮೀಟರ್ ಎಂದು ಹೆಸರು. ಒಂದು ಮಿಲಿಮೀಟರ್ ಉದ್ದಗಲದ ಚೌಕ, ಅದರ ಆಳ ಮಿಲಿಮೀಟರಿನ ಹತ್ತನೇ ಒಂದು ಪಾಲು. ಆ ಚೌಕದಲ್ಲಿ ಎಣಿಸಿದ್ದನ್ನು ಹತ್ತು ಸಾವಿರದಿಂದ ಗುಣಿಸಿದರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಕೋಶಗಳಿವೆ ಎಂದು ಸಿಗುತ್ತದೆ. ಬದುಕಿರುವ ಕೋಶ ತನ್ನೊಳಗೆ ಬಂದ ಬಣ್ಣವನ್ನು ಕರಗಿಸಿ ಬಿಳಿಯಾಗಿಯೇ ಉಳಿಯುತ್ತದೆ. ಸತ್ತ ಕೋಶಕ್ಕೆ ಆ ಶಕ್ತಿಯಿಲ್ಲ, ಅದು ನೀಲಿಯಾಗುತ್ತದೆ. ಬಿಳಿ, ಬಿಳಿ, ನೀಲಿ, ಬಿಳಿ ಎಂದು ಎಣಿಸುತ್ತಾ ಹೋದಳು. ಒಳ್ಳೆಯ ಹೆಪ್ಪಿನಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಬಿಳಿ ಇರಬೇಕಂತೆ.

ಎಣಿಸಿ ಮುಗಿಸಿ ಅವಳು ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: "ಇದು ಸತ್ತಿಲ್ಲ ಅಂತ ಹೇಳಬಹುದು ಅಷ್ಟೇ. ಕೆಲಸ ಮಾಡುತ್ತೋ ಇಲ್ಲವೋ ಇದರಲ್ಲಿ ಗೊತ್ತಾಗಲ್ಲ." ಉಸಿರಾಡುವುದೇ ಬೇರೆ, ಗೇಯುವ ಕಸುವೇ ಬೇರೆ. ತಿಂಗಳುಗಟ್ಟಲೆ ಹಸಿದ ಯೀಸ್ಟ್ ಬಣ್ಣದ ಪರೀಕ್ಷೆಯಲ್ಲಿ ಗೆದ್ದು, ರಸಕ್ಕೆ ಬಿದ್ದಾಗ ಎರಡು ದಿನ ಸುಮ್ಮನೆ ಕೂರಬಹುದು.

ಸಾಕಷ್ಟಿದೆಯೇ ಎಂಬ ಎರಡನೆಯ ಪ್ರಶ್ನೆಗೂ ಹೀಗೆಯೇ ಲೆಕ್ಕದ ಉತ್ತರವಿದೆ. ಬೆಚ್ಚಗಿನ ಉಷ್ಣತೆಯಲ್ಲಿ ಹುದುಗುವ ಏಲ್ ಬಗೆಗೆ, ರಸದ ಪ್ರತಿ ಮಿಲಿಲೀಟರಿಗೆ, ಸಕ್ಕರೆಯ ಸಾಂದ್ರತೆಯ ಪ್ರತಿ ಪ್ಲಾಟೋ ಡಿಗ್ರಿಗೆ, ಏಳೂವರೆ ಲಕ್ಷ ಕೋಶಗಳು ಬೇಕು ಎಂಬುದು ಹವ್ಯಾಸಿಗಳು ಬಳಸುವ ಸೂತ್ರ. 12 ಡಿಗ್ರಿಯ 20 ಲೀಟರ್ ರಸಕ್ಕೆ ಅದು 18,000 ಕೋಟಿ ಕೋಶಗಳಾಗುತ್ತದೆ. ತಂಪಿನಲ್ಲಿ ಹುದುಗುವ ಲಾಗರ್ ಬಗೆಗೆ ಇದರ ಎರಡರಷ್ಟು. ಅಂಗಡಿಯಲ್ಲಿ ಸಿಗುವ ದ್ರವ ಯೀಸ್ಟಿನ ತಾಜಾ ಪೊಟ್ಟಣದಲ್ಲಿ ಸಾಮಾನ್ಯವಾಗಿ 10,000 ಕೋಟಿಯಷ್ಟು ಇರುತ್ತವೆ. ಕೊರತೆ ತುಂಬಲೆಂದೇ ಹೆಪ್ಪು ಬೆಳೆಸುವುದು. ಈ ಸಂಖ್ಯೆಗಳ ಹಿಂದೆ ಅನುಭವವಿದೆ. ಕಡಿಮೆ ಹಾಕಿದರೆ ಯೀಸ್ಟ್ ದಣಿಯುತ್ತದೆ, ಬೇಡದ ವಾಸನೆ ಬಿಡುತ್ತದೆ, ಸಕ್ಕರೆ ಉಳಿದುಹೋಗುತ್ತದೆ.

ಶುದ್ಧವೇ ಎಂಬ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾಗಿತ್ತು. ಅದರ ಉತ್ತರ ಮತ್ತೆ ಯಾಕೊಬ್ಸೆನ್‌ನ ಕಾರ್ಖಾನೆಯಿಂದಲೇ ಬಂತು. 1875ರಲ್ಲಿ ಅವನು ಅಲ್ಲಿ ಪ್ರಯೋಗಾಲಯವೊಂದನ್ನು ತೆರೆದ. ತಾತ್ವಿಕವಾಗಿಯೋ ವ್ಯಾವಹಾರಿಕವಾಗಿಯೋ ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿ ಇಡುವಂತಿಲ್ಲ ಎಂದು ಅದರ ನಿಯಮಾವಳಿಯಲ್ಲಿಯೇ ಬರೆಸಿದ. ಒಂದು ಕಂಪನಿ ತನ್ನ ಕೈಯನ್ನು ತಾನೇ ಹೀಗೆ ಕಟ್ಟಿಕೊಳ್ಳುವುದು ಆಗಲೂ ವಿಚಿತ್ರವೇ, ಈಗಲೂ ವಿಚಿತ್ರವೇ.

ಆ ಪ್ರಯೋಗಾಲಯಕ್ಕೆ ಬಂದವನು ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸೆನ್. ರಿಬೆ ಎಂಬ ಊರಿನ ಬಡ ಮನೆಯ ಹುಡುಗ. ಗೋಡೆಗೆ ಬಣ್ಣ ಬಳಿಯುವ ಕೆಲಸ ಮಾಡಿದ್ದ, ಓದಿನ ಖರ್ಚಿಗೆ ಕಥೆಗಳನ್ನು ಬರೆದಿದ್ದ. ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರಗಳ ಬಗ್ಗೆ ಪ್ರಬಂಧ ಬರೆದು ಚಿನ್ನದ ಪದಕ ಗಳಿಸಿದ್ದ. ಡಾರ್ವಿನ್ನನ ಬೀಗಲ್ ಯಾನದ ಪುಸ್ತಕವನ್ನು ಗೆಳೆಯನೊಡನೆ ಸೇರಿ ಡ್ಯಾನಿಶ್ ಭಾಷೆಗೆ ಅನುವಾದಿಸಿದ್ದ.

1883ರಲ್ಲಿ ಕಾರ್ಲ್ಸ್‌ಬರ್ಗಿನ ಬಿಯರ್ ಕೆಡತೊಡಗಿತು. ಕೆಟ್ಟ ವಾಸನೆ, ಕಹಿ ರುಚಿ. ಪಾಶ್ಚರ್ ಹೇಳಿದ ಪ್ರಕಾರ ದೋಷ ಬ್ಯಾಕ್ಟೀರಿಯಾದ್ದಾಗಿರಬೇಕು. ಹ್ಯಾನ್ಸೆನ್‌ನ ಅನುಮಾನ ಬೇರೆ. ಕಳ್ಳ ಹೊರಗಿನವನಲ್ಲ, ಯೀಸ್ಟಿನ ವೇಷದಲ್ಲೇ ಇದ್ದಾನೆ ಎಂದು ಅವನಿಗೆ ಅನಿಸಿತು. ಅಂದರೆ ಒಳ್ಳೆಯ ಯೀಸ್ಟಿನ ಜೊತೆ ಕಾಡು ಯೀಸ್ಟ್ ಬೆರೆತಿದೆ, ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಕಣ್ಣಿಗೆ ಬೇರ್ಪಡಿಸಲಾಗದ್ದನ್ನು ಬೇರ್ಪಡಿಸುವುದು ಹೇಗೆ?

ಹ್ಯಾನ್ಸೆನ್ ಹಿಡಿದ ದಾರಿ ಅಸಾಧಾರಣ ತಾಳ್ಮೆಯದು. ಯೀಸ್ಟನ್ನು ನೀರಿನಲ್ಲಿ ಎಣಿಸಿ ಎಣಿಸಿ ತೆಳುವಾಗಿಸಿದ. ಕೊನೆಗೆ ಒಂದೊಂದು ಸೀಸೆಗೆ ಒಂದೋ ಸೊನ್ನೆಯೋ ಕೋಶ ಬೀಳುವಷ್ಟು ವಿರಳವಾಯಿತು. ಆಮೇಲೆ ಜೆಲಟಿನ್ನಿನಲ್ಲಿ ಒಂಟಿ ಕೋಶವನ್ನು ಸಿಕ್ಕಿಸಿ, ಅದು ಎಲ್ಲಿದೆ ಎಂದು ಗುರುತು ಹಾಕಿ, ಅದೊಂದರಿಂದಲೇ ಒಂದು ಸಂಸಾರ ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಕಾದು ನೋಡಿದ. ತಾಯಿ ಒಬ್ಬಳೇ ಎಂದು ಖಚಿತವಾದ ಮೇಲೆ ಆ ಸಂಸಾರವನ್ನು ಸಣ್ಣ ಸೀಸೆಯಿಂದ ದೊಡ್ಡ ಸೀಸೆಗೆ, ಅಲ್ಲಿಂದ ಲೋಹದ ಪಾತ್ರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿದ. ಮನೆಯ ಹವ್ಯಾಸಿ ಬುರುಡೆಯಲ್ಲಿ ಮಾಡುವ ಹೆಪ್ಪು ಈ ಮೆಟ್ಟಿಲುಗಳ ಸಣ್ಣ ಪ್ರತಿ. ಹೀಗೆ ಬೇರ್ಪಟ್ಟ ಬಗೆಗಳಿಂದ ಬಿಯರ್ ಮಾಡಿ ನೋಡಿದಾಗ ಒಂದು ಒಳ್ಳೆಯದನ್ನೂ ಇನ್ನೊಂದು ಕೆಟ್ಟದ್ದನ್ನೂ ಕೊಟ್ಟಿತು. 1883ರ ನವೆಂಬರ್ 12ರಂದು ಒಂದೇ ಕೋಶದ ಸಂತತಿಯಾದ ಯೀಸ್ಟ್ ಮೊದಲ ಬಾರಿಗೆ ಕಾರ್ಖಾನೆಯ ತೊಟ್ಟಿಗೆ ಬಿತ್ತು.

ಯಾಕೊಬ್ಸೆನ್ ಅದನ್ನು ಗುಟ್ಟು ಮಾಡಲಿಲ್ಲ, ಮಾರಲೂ ಇಲ್ಲ. ಕೇಳಿದ ತಯಾರಕರಿಗೆ ಯೀಸ್ಟನ್ನೂ ವಿಧಾನವನ್ನೂ ಕೊಟ್ಟ. ಮೂವತ್ತೆಂಟು ವರ್ಷಗಳ ಹಿಂದೆ ಮ್ಯೂನಿಕ್ಕಿನಲ್ಲಿ ಅವನ ಕೈಗೆ ಬಂದದ್ದು ಹಾಗೆಯೇ ತಾನೇ? ಇಂದಿನ ಲಾಗರ್ ಬಿಯರ್‌ಗಳು ಜಗತ್ತಿನೆಲ್ಲೆಡೆ ಒಂದೇ ಹದದಲ್ಲಿ ಸಿಗುವುದರ ಹಿಂದೆ ಈ ಕೊಡುಗೆಯ ಪಾಲು ದೊಡ್ಡದು.

ಇಲ್ಲೊಂದು ಸ್ವಾರಸ್ಯವಿದೆ. ಹ್ಯಾನ್ಸೆನ್ ಹಿಡಿದುಹಾಕಿದ ಕೇಡಿಗ ಯೀಸ್ಟಿನ ಹೆಸರು ಸ್ಯಾಕರೊಮೈಸೀಸ್ ಪ್ಯಾಸ್ಟೋರಿಯಾನಸ್. ಪಾಶ್ಚರ್‌ನ ಗೌರವಾರ್ಥ ಬೇರೊಬ್ಬ ವಿಜ್ಞಾನಿ ಇಟ್ಟಿದ್ದ ಹೆಸರದು. ತನ್ನ ಒಳ್ಳೆಯ ಯೀಸ್ಟಿಗೆ ಹ್ಯಾನ್ಸೆನ್ 1908ರಲ್ಲಿ ಕಾರ್ಲ್ಸ್‌ಬರ್ಗೆನ್ಸಿಸ್ ಎಂದು ಹೆಸರಿಟ್ಟ. ಆಮೇಲೆ ವರ್ಗೀಕರಣಕಾರರು ಎರಡೂ ಒಂದೇ ಜಾತಿಯೆಂದು ನಿರ್ಧರಿಸಿ ಹಳೆಯ ಹೆಸರನ್ನೇ ಉಳಿಸಿದರು. ಹೀಗೆ ಲಾಗರ್ ಯೀಸ್ಟಿಗೆ ಈಗ ಆ ಕೇಡಿಗನ ಹೆಸರು. 2011ರಲ್ಲಿ ಇನ್ನೂ ಒಂದು ವಿಷಯ ಹೊರಬಂತು. ದಕ್ಷಿಣ ಅಮೆರಿಕದ ಪೆಟಗೋನಿಯಾದ ಕಾಡಿನ ಮರಗಳಲ್ಲಿ ಸಿಕ್ಕ ಯೂಬಯಾನಸ್ ಎಂಬ ತಂಪು ತಾಳುವ ಕಾಡು ಯೀಸ್ಟನ್ನು ಪರೀಕ್ಷಿಸಿದಾಗ, ಲಾಗರ್ ಯೀಸ್ಟಿನ ಹೆತ್ತವರಲ್ಲಿ ಒಂದು ಈ ಜಾತಿಯೇ, ಇನ್ನೊಂದು ಮಾಮೂಲಿ ಏಲ್ ಯೀಸ್ಟ್ ಎಂದು ತಿಳಿಯಿತು. ಶುದ್ಧತೆಗೆ ಮಾದರಿಯೆಂದು ಜಗತ್ತಿಗೆ ಹಂಚಿದ ಆ ಯೀಸ್ಟ್ ಹುಟ್ಟಿನಿಂದಲೇ ಬೆರಕೆ.

ಶುದ್ಧ ಹೆಪ್ಪು ಎಲ್ಲೆಡೆ ಗೆಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಮಾಗಿಸುವ ಗಡುಸು ಬಿಯರ್‌ಗಳಿದ್ದವು. ಒಂದೇ ಬಗೆಯ ಯೀಸ್ಟ್ ಹಾಕಿ ಮಾಡಿದಾಗ ಅವು ಮಾಗಲೇ ಇಲ್ಲ, ಜನ ಬಯಸುವ ರುಚಿ ಬರಲಿಲ್ಲ. ಕಾರಣ ಹುಡುಕಿದವನೂ ಕಾರ್ಲ್ಸ್‌ಬರ್ಗಿನವನೇ. ನೀಲ್ಸ್ ಹೆಲ್ಟೆ ಕ್ಲೌಸೆನ್ 1904ರಲ್ಲಿ ಲಂಡನ್ನಿನ ತಯಾರಕರ ಮುಂದೆ, ಆ ರುಚಿಗೆ ಕಾರಣವಾದ ಬೇರೊಂದು ಯೀಸ್ಟನ್ನು ತಾನು ಕಂಡುಹಿಡಿದಿರುವುದಾಗಿ ಹೇಳಿದ. ಅದಕ್ಕೆ ಅವನಿಟ್ಟ ಹೆಸರು ಬ್ರೆಟನೊಮೈಸೀಸ್, ಅಂದರೆ ಬ್ರಿಟನ್ನಿನ ಶಿಲೀಂಧ್ರ. ಒಂದು ಊರಿನ ಲೆಕ್ಕದಲ್ಲಿ ಕಲ್ಮಶ, ಇನ್ನೊಂದು ಊರಿನ ಲೆಕ್ಕದಲ್ಲಿ ಪ್ರಾಣ. ಹಳೆಯ ಇಂಗ್ಲಿಷ್ ತಯಾರಕರಿಗೆ ಆ ಯೀಸ್ಟಿನ ಹೆಸರು ಗೊತ್ತಿರಲಿಲ್ಲ. ಆದರೆ ತಮ್ಮ ಹೆಪ್ಪಿನಲ್ಲಿ ಒಂದಕ್ಕಿಂತ ಹೆಚ್ಚಿನದೇನೋ ಬೇಕು ಎಂಬುದು ಅವರ ಕೈಗೆ ಗೊತ್ತಿತ್ತು.

ಪ್ರಯೋಗಾಲಯದ ನೆರಳು ಬೀಳದೆ ಹೆಪ್ಪು ಉಳಿದ ಜಾಗವೊಂದು ನಾರ್ವೆಯ ಪಶ್ಚಿಮ ಭಾಗದಲ್ಲಿದೆ. ಅಲ್ಲಿಯ ರೈತಮನೆಗಳ ಯೀಸ್ಟಿಗೆ 'ಕ್ವೈಕ್' ಎನ್ನುತ್ತಾರೆ. ಬೆಂಕಿ ಹೊತ್ತಿಸು, ಚೇತನ ಕೊಡು ಎಂಬ ಅರ್ಥಗಳ ಸುತ್ತಲಿನ ಪದ. ಬಿಯರ್ ಮಾಡಿದ ಮೇಲೆ ಯೀಸ್ಟನ್ನು ತೂತು ಕೊರೆದ ಕೊರಡಿಗೋ, ಸಣ್ಣ ಮರದ ತುಂಡುಗಳನ್ನು ಜೋಡಿಸಿ ಮಾಡಿದ ಬಳೆಗೋ ಮೆತ್ತಿ ಒಣಗಿಸುತ್ತಿದ್ದರು. ಮುಂದಿನ ಹಬ್ಬಕ್ಕೆ ಅದನ್ನು ರಸಕ್ಕೆ ಇಳಿಬಿಟ್ಟರೆ ಮತ್ತೆ ಜೀವ ಬರುತ್ತಿತ್ತು. ಹಾಕುವಾಗ ಗಟ್ಟಿಯಾಗಿ ಕೂಗುವ ಪದ್ಧತಿ ಕೆಲವೆಡೆ ಇತ್ತು, ಬಿಯರ್ ಖಡಕ್ ಆಗಲಿ ಎಂದು. ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ಜಾನಪದ ವಿದ್ವಾಂಸ ಓಡ್ ನೂರ್ಲಾಂಡ್ ಈ ಆಚರಣೆಗಳನ್ನೆಲ್ಲ ಹಳ್ಳಿಗಳಿಂದ ಬಂದ ಉತ್ತರಗಳ ಆಧಾರದಲ್ಲಿ 1969ರ ತನ್ನ ಪುಸ್ತಕದಲ್ಲಿ ದಾಖಲಿಸಿದ. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಕ್ವೈಕ್ ಯೀಸ್ಟುಗಳು ಬೇರೆಯೇ ಒಂದು ಪಳಗಿದ ಗುಂಪು ಎಂದು ತೋರಿಸಿತು. 30ರಿಂದ 40 ಡಿಗ್ರಿ ಸೆಲ್ಸಿಯಸ್‌ನಂಥ ಬಿಸಿಯಲ್ಲೂ ಅವು ಚೊಕ್ಕವಾಗಿ ಹುದುಗಿಸಬಲ್ಲವು. ಪುಸ್ತಕದ ಸೂತ್ರದ ಪ್ರಕಾರ ಕೆಡಬೇಕಾಗಿದ್ದ ಬಿಯರ್ ಅಲ್ಲಿ ಕೆಡುತ್ತಿರಲಿಲ್ಲ. ಸೂಕ್ಷ್ಮದರ್ಶಕ ಕಾಣದ ರೈತರು ತಲೆಮಾರುಗಳಿಂದ ಮೂಸಿ, ರುಚಿ ನೋಡಿ, ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಚೆಲ್ಲಿ ಆ ಯೀಸ್ಟನ್ನು ರೂಪಿಸಿದ್ದರು. ಅದೂ ಆಯ್ಕೆಯೇ, ಅದೂ ಪರೀಕ್ಷೆಯೇ. ಅಂಕಿಯಲ್ಲಿ ಬರೆದಿಡಲಿಲ್ಲ ಅಷ್ಟೇ.

ಈ ಮಾತು ನಮ್ಮ ಭಾಷೆಯ ಒಂದು ಪದಕ್ಕೂ ತಾಗುತ್ತದೆ. ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ಎನ್ಜೈಮ್ ಎಂಬುದಕ್ಕೆ 'ಕಿಣ್ವ' ಎನ್ನುತ್ತೇವೆ. ಎನ್ಜೈಮ್ ಪದವನ್ನು ಟಂಕಿಸಿದವನು ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ, 1870ರ ದಶಕದಲ್ಲಿ. ಗ್ರೀಕಿನಲ್ಲಿ ಅದರ ಅರ್ಥ 'ಹುದುಗಿನೊಳಗೆ' ಎಂದು. 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ, ಕೋಶಗಳೇ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ತೋರಿಸಿದಾಗ ಆ ಪದಕ್ಕೆ ಪೂರ್ತಿ ಬಲ ಬಂತು. ನಮ್ಮ ಕಿಣ್ವ ಇದಕ್ಕಿಂತ ಬಹಳ ಹಳೆಯದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರೆಯ ಮೇಲ್ವಿಚಾರಕನ ಅಧ್ಯಾಯದಲ್ಲಿ, ಕಿಣ್ವ ಎಂದರೆ ಸುರೆ ಮಾಡುವ ಹೆಪ್ಪು. ಮಾಡುವ ಅಳತೆಯೂ ಇದೆ: ಒಂದು ದ್ರೋಣ ಉದ್ದಿನ ಕಲ್ಕ, ಹಸಿಯಾದರೂ ಸರಿ, ಬೇಯಿಸಿದ್ದಾದರೂ ಸರಿ. ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ. ಮೋರಟ ಮೊದಲಾದ ಗಿಡಮೂಲಿಕೆಗಳು ಒಂದೊಂದು ಕರ್ಷ.

ಅದೇ ಅಧ್ಯಾಯದಲ್ಲಿ ಸುರೆ ಮತ್ತು ಕಿಣ್ವಗಳ ಸಂಗ್ರಹದ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡಬೇಕು ಎಂಬ ಒಂದು ಸಣ್ಣ ಸೂತ್ರವಿದೆ. ಅಳತೆ ಬರೆದವನ ಹೆಸರು ನಮಗೆ ಗೊತ್ತು. ಈ ಸಲದ ಕಿಣ್ವ ಚೆನ್ನಾಗಿ ಬಂದಿದೆ, ಇದು ಹಳಸಿದೆ ಎಂದು ಮೂಸಿ ಹೇಳುತ್ತಿದ್ದವರು ಆ ಸೂತ್ರದೊಳಗೆ ಹೆಸರಿಲ್ಲದೆ ನಿಂತಿದ್ದಾರೆ. ನಾರ್ವಿಚ್‌ನಲ್ಲಿ ಮೊಟ್ಟೆ ಕೊಟ್ಟು ನೊರೆ ತಂದವರೂ ಹಾಗೆಯೇ, ವಿಟ್‌ಬ್ರೆಡ್ಡಿನಲ್ಲಿ ಪಾಶ್ಚರ್‌ನ ಸುತ್ತ ನಿಂತವರೂ ಹಾಗೆಯೇ. ನನ್ನಂಥ ವಿದ್ಯಾರ್ಥಿಗಳು ದಾಖಲೆಗಳನ್ನು ಹಿಡಿದು ಹೊರಟಾಗ ಮೊದಲು ಸಿಗುವುದು ಎಣಿಸಿದವರು. ಮೂಸಿ ತಿಳಿದವರನ್ನು ಹುಡುಕಲು ಸಾಲುಗಳ ಮಧ್ಯೆ ನಿಲ್ಲಬೇಕಾಗುತ್ತದೆ.

ಹಾಗೆಂದು ಎಣಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹ್ಯಾನ್ಸೆನ್ ಇಲ್ಲದಿದ್ದರೆ 1883ರ ಆ ಕೇಡಿನ ಕಾರಣ ಗೊತ್ತಾಗುತ್ತಿರಲಿಲ್ಲ. ಆದರೆ ಎಣಿಕೆ ಬಂದ ಮೇಲೂ ಮೂಗಿಗೆ ನಿವೃತ್ತಿ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ಬಿಯರ್ ಮಾಡುವುದು ಬ್ರಿಟನ್ನಿನಲ್ಲಿ 1963ರಲ್ಲಿ ಪರವಾನಗಿಯಿಂದ ಮುಕ್ತವಾಯಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಫೆಡರಲ್ ಮಟ್ಟದ ಅಡ್ಡಿ ಹೋಯಿತು. ಅಂದಿನಿಂದ ಬೆಳೆದ ಹವ್ಯಾಸಿಗಳ ಕೈಪಿಡಿಗಳನ್ನು ತೆರೆದು ನೋಡಿ. ಕೋಶಗಳ ಕೋಷ್ಟಕದ ಪಕ್ಕದಲ್ಲೇ ಬೇರೆ ಬಗೆಯ ಸಲಹೆಗಳಿರುತ್ತವೆ. ನೊರೆ ಬಂತೆಂದು ಹಿಗ್ಗಬೇಡ, ನೊರೆ ಬರಲಿಲ್ಲವೆಂದು ಎದೆಗುಂದಬೇಡ. ಕೆಲವು ಹೆಪ್ಪುಗಳು ರಾತ್ರಿಯೇ ನೊರೆಯೆದ್ದು, ನೀನು ಏಳುವಷ್ಟರಲ್ಲಿ ಕೆಲಸ ಮುಗಿಸಿರುತ್ತವೆ. ಗಸಿ ಕೆನೆಬಣ್ಣದ್ದಾಗಿರಲಿ, ಕಂದಾಗಿದ್ದರೆ ಅನುಮಾನಿಸು. ವಾಸನೆ ಬ್ರೆಡ್ಡಿನಂತಿದ್ದರೆ ಹಾಕು. ವಿನೆಗರಿನಂತೆಯೋ ಸುಟ್ಟ ರಬ್ಬರಿನಂತೆಯೋ ಇದ್ದರೆ ಚೆಲ್ಲು. ಮೇಲಿನ ನೀರನ್ನು ಒಂದು ಗುಟುಕು ಕುಡಿದು ನೋಡು. ಅಯಸ್ಕಾಂತದ ಕಡ್ಡಿ ತಿರುಗುವ ಬುರುಡೆಯ ಮುಂದೆ ನಿಂತ ಹವ್ಯಾಸಿ ಕೊನೆಗೆ ಮಾಡುವುದು ನಾರ್ವೆಯ ರೈತ ಮರದ ಬಳೆಯನ್ನು ಮೂಸಿದಂತೆಯೇ.

ಈಗ ಬ್ರಿಟನ್ನಿನ ರಾಷ್ಟ್ರೀಯ ಯೀಸ್ಟ್ ಸಂಗ್ರಹವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಯ ಯೀಸ್ಟುಗಳು ಅಲ್ಲಿ ಕಡುತಂಪಿನಲ್ಲಿ ಮಲಗಿವೆ. ಬಿಯರ್ ಕಾರ್ಖಾನೆಗಳು ತಮ್ಮ ಹೆಪ್ಪಿನ ಒಂದು ಪಾಲನ್ನು ಅಲ್ಲಿ ಇಟ್ಟಿರುತ್ತವೆ. ತಮ್ಮಲ್ಲಿರುವುದು ಕೆಟ್ಟರೆ, ಕಳೆದರೆ, ಅಲ್ಲಿಂದ ಮತ್ತೆ ತರಬಹುದು. ಶುಲ್ಕ ಕೊಟ್ಟು ಪಡೆಯುವ ಸೇವೆ ಇದು, ದೇವರ ಒಳಿತಿಗೆ ಬೆಲೆ ಕಟ್ಟಬಾರದೆಂದ ಆ ಹಳೆಯ ದೂರು ಈಗ ನಡೆಯುವುದಿಲ್ಲ. ಆದರೆ ಒಬ್ಬರ ಮನೆಯಲ್ಲಿ ಮಾತ್ರ ಇಟ್ಟ ಹೆಪ್ಪು ಹೆಚ್ಚು ದಿನ ಬಾಳುವುದಿಲ್ಲ ಎಂಬ ತಿಳಿವಳಿಕೆ ಹಾಗೆಯೇ ಉಳಿದಿದೆ. ಆ ಸಂಗ್ರಹ ಇರುವ ಊರು ನಾರ್ವಿಚ್.